ನೂರಕ್ಕೆ ನಾಲ್ಕು

೧

ಈ ಕಥೆಯ ಮೊದಲ ವಾಕ್ಯವನ್ನು ನಾನು ಹನ್ನೊಂದು ಸಲ ಬರೆದಿದ್ದೇನೆ. ಹನ್ನೊಂದು ಸಲವೂ ಅದು ಬೆಟ್ಟದಿಂದಲೇ ಶುರುವಾಗಿತ್ತು: ಬೆಟ್ಟದ ಬಣ್ಣ, ಬೆಟ್ಟದ ಬಿಸಿಲು, ಬೆಟ್ಟದ ನೆತ್ತಿಯ ಮೇಲೆ ಸುತ್ತುವ ಹದ್ದು. ಹನ್ನೊಂದು ಸಲವೂ ಇದಾಲಿಯಾ ನನ್ನ ಹೆಗಲ ಮೇಲಿಂದ ಬಗ್ಗಿ ಓದಿ, "ಬೆಟ್ಟ ಎಲ್ಲಿಗೂ ಓಡಿಹೋಗಲ್ಲ ಕಣೇ. ನಮ್ಮಪ್ಪನಿಂದ ಶುರು ಮಾಡು" ಎಂದಳು.

(ಇದಾಲಿಯಾ ನಾನು ಕಟ್ಟಿದ ಪಾತ್ರ. ಅವಳಿಗೆ ಕನ್ನಡ ಬರಬಾರದು. ಆದರೆ ಕಥೆಯ ಮನೆಗೆ ಬಂದವರು ಆ ಮನೆಯ ಭಾಷೆ ಕಲಿತುಬಿಡುತ್ತಾರೆ. ಬೈಯುವುದನ್ನು ಮೊದಲು ಕಲಿಯುತ್ತಾರೆ.)

ಅಪ್ಪನಿಂದ ಶುರು ಮಾಡಿದರೆ ಅಪ್ಪನಲ್ಲೇ ಮುಗಿಸಬೇಕಾಗುತ್ತದೆ. ಅಷ್ಟು ಗಟ್ಟಿ ಎದೆ ನನಗಿಲ್ಲ. ಆದ್ದರಿಂದ, ಓದುಗರೇ, ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ಪ್ರಶ್ನೆ ನನ್ನದಲ್ಲ, ಇದಾಲಿಯಾಳದ್ದೂ ಅಲ್ಲ. ಅದು ಪ್ರತಿ ಬೆಳಿಗ್ಗೆ ಅವಳ ಲ್ಯಾಪ್‌ಟಾಪಿನ ಪರದೆಯ ಮೇಲೆ ಬಂದು ಕೂರುತ್ತಿತ್ತು: ಮಾರ್ಚ್ ಮೂವತ್ತೊಂದರ ಒಳಗೆ ಉತ್ತರದ ದೇಶದ ಸೇನೆ ಗಡಿ ದಾಟಿ ಮಾದಕ ವಸ್ತು ಸಾಗಿಸುವ ಗುಂಪುಗಳ ಮೇಲೆ ದಾಳಿ ಮಾಡುತ್ತದೆಯೇ?

ಉತ್ತರವನ್ನು ಹೌದು, ಇಲ್ಲ ಎಂದು ಬರೆಯುವಂತಿಲ್ಲ. ನೂರಕ್ಕೆ ಎಷ್ಟು ಎಂದು ಬರೆಯಬೇಕು.

ಇದಾಲಿಯಾ ಬರೆದದ್ದು ನಾಲ್ಕು.

೨

ಸಾನ್ ಇಲಾರಿಯೋ ಊರಲ್ಲಿ ಆ ಉತ್ತರದ ದೇಶದ ಹೆಸರನ್ನು ಯಾರೂ ಹೇಳುವುದಿಲ್ಲ. ಆಚೆಕಡೆ ಎನ್ನುತ್ತಾರೆ, ಪಕ್ಕದ ಮನೆಯ ಹಿತ್ತಿಲು ಎನ್ನುವ ಹಾಗೆ. ಮಾವ ಆಚೆಕಡೆ ಇದ್ದಾನೆ, ಈ ಫ್ರಿಜ್ಜು ಆಚೆಕಡೆಯದು, ಅವಳ ಗಂಡ ಆಚೆಕಡೆ ಹೋದವನು ಆಚೆಕಡೆಯವಳನ್ನೇ ಕಟ್ಟಿಕೊಂಡ. ಹಾಗೆಯೇ ಬೆಟ್ಟದ ಮೇಲೆ ಬಂದೂಕು ಹಿಡಿದು ಕೂತವರಿಗೂ ದೊಡ್ಡ ಹೆಸರೇನಿಲ್ಲ. ಹುಡುಗರು ಎನ್ನುತ್ತಾರೆ. ಆ ಹುಡುಗರಲ್ಲಿ ಕೆಲವರಿಗೆ ಮೊಮ್ಮಕ್ಕಳಿದ್ದಾರೆ.

ಇದಾಲಿಯಾಳಿಗೆ ಮೂವತ್ತೆಂಟು ವರ್ಷ. ಮೊದಲು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದಳು. ಮೂರು ವರ್ಷದಿಂದ ಅಡುಗೆಮನೆಯ ಮೇಜಿನ ಮೇಲೆ ಕೂತು ಆಚೆಕಡೆಯ ಒಂದು ಕಂಪನಿಗೆ ಮುಂದಾಗುವುದನ್ನು ಅಂದಾಜು ಮಾಡಿಕೊಡುವ ಕೆಲಸ. ಅವಳಂಥವರು ಲೋಕದ ತುಂಬ ಮುನ್ನೂರು ಜನ. ಪ್ರಶ್ನೆ ಬರುತ್ತದೆ, ಒಬ್ಬೊಬ್ಬರೂ ಒಂದು ಅಂಕಿ ಹಾಕಿ ಕೆಳಗೆ ಮೂರು ಸಾಲು ಕಾರಣ ಬರೆಯುತ್ತಾರೆ. ಮಿಕ್ಕವರು ಭಾಷಣ ಓದಿ, ಹಡಗು ಎಣಿಸಿ ಅಂಕಿ ಹಾಕಿದರೆ, ಇದಾಲಿಯಾ ಊರು ಓದಿ ಹಾಕುತ್ತಿದ್ದಳು. ಬೇಕರಿಯಿಂದ ಬೆಟ್ಟಕ್ಕೆ ಎಷ್ಟು ಬ್ರೆಡ್ಡು ಹೋಯಿತು? ಹುಡುಗರ ಗಾಡಿಗಳಿಗೆ ಉಕ್ಕಿನ ತಗಡು ಹೊದಿಸುವ ವೆಲ್ಡಿಂಗ್ ಅಂಗಡಿಯವನು ಯಾಕೆ ಸುಮ್ಮನೆ ಕೂತಿದ್ದಾನೆ? ಆ ಸಲ ಅವಳು ನಾಲ್ಕು ಎಂದು ಬರೆದು ಕೊಟ್ಟ ಕಾರಣ ಇಷ್ಟೇ: ಬೆಟ್ಟದ ದೊಡ್ಡ ತಲೆಯೊಂದು ಮಗಳಿಗೆ ಹದಿನೈದು ತುಂಬುವ ಹಬ್ಬಕ್ಕೆ ಬಯಲಲ್ಲಿ ಶಾಮಿಯಾನ ಹಾಕಿಸುತ್ತಿದೆ, ಬ್ಯಾಂಡಿನವರಿಗೆ ವೀಳ್ಯ ಕೊಟ್ಟಾಗಿದೆ. ಆಕಾಶಕ್ಕೆ ಹೆದರಿದವನು ಮುನ್ನೂರು ಜನರನ್ನು ಬಯಲಲ್ಲಿ ಕೂರಿಸುವುದಿಲ್ಲ.

(ವೀಳ್ಯ ನನ್ನ ಸೇರಿಕೆ. ಅಲ್ಲಿ ಎಲೆಯೂ ಇಲ್ಲ, ಅಡಿಕೆಯೂ ಇಲ್ಲ. ಮುಂಗಡ ಎಂದು ಬರೆಯಬಹುದಿತ್ತು, ಆದರೆ ಮುಂಗಡ ಕೊಟ್ಟ ಹಬ್ಬ ನಿಂತುಹೋಗಬಹುದು, ವೀಳ್ಯ ಕೊಟ್ಟದ್ದು ನಿಲ್ಲಬಾರದು.)

ಇದರಲ್ಲಿ ಅವಳ ಗಂಟೇನು ಹೋಗುತ್ತದೆ ಎಂದು ನೀವು ಕೇಳಬಹುದು. ಹುಡುಗರ ಶೆಡ್ಡುಗಳಿದ್ದ ಕಣಿವೆಯ ಮೇಲ್ಗಡೆ, ಹಾರಿ ಬಂದ ಬಾಂಬು ಒಂದು ಕೂಗಳತೆ ತಪ್ಪಿದರೆ ಬೀಳುವ ಜಾಗದಲ್ಲಿ, ಅವಳ ಅಪ್ಪ ದೋನ್ ನಬೋರ್ ಹದಿನಾಲ್ಕು ಹಸು ಕಟ್ಟಿಕೊಂಡು ಹಸಿ ಚೀಸ್ ಮಾಡಿಕೊಂಡು ಒಬ್ಬರೇ ಇದ್ದರು. ಆಸುಪಾಸಿನಲ್ಲಿ ಗೆಳೆಯರಿದ್ದರು, ಹಸುಗಳಿದ್ದವು. ಕೆಳಗಿಳಿದು ಬನ್ನಿ ಎಂದರೆ ಹಸುಗಳನ್ನು ನಿನ್ನ ಫ್ರಿಜ್ಜಲ್ಲಿ ಇಡಲಾ ಎಂದು ಕೇಳುತ್ತಿದ್ದರು.

೩ (ಹರಿದು ಹಾಕಿದ್ದು)

"ಜನರಲ್ ಪರದೆಯ ಮೇಲಿನ ಕೆಂಪು ಚುಕ್ಕೆಯನ್ನೇ ದಿಟ್ಟಿಸಿದ. ಕಣಿವೆಯಲ್ಲಿ ಏನೋ ಚಲಿಸಿತು. 'ಅಪ್ಪಣೆಯೇ?' ಎಂದಿತು ಹೆಡ್‌ಫೋನಿನ ದನಿ..."

ಇದಾಲಿಯಾ ಓದಿದಳು. ಈ ಜನರಲ್ ಯಾರು, ನಮ್ಮನೆಗೆ ಯಾವಾಗ ಬಂದಿದ್ದ ಎಂದು ಕೇಳಿದಳು. ಬಂದಿಲ್ಲ ಎಂದೆ. ಬರದವರಿಗೆ ಕುರ್ಚಿ ಯಾಕೆ ಎಂದಳು.

ಹರಿದೆ. ಸ್ವಲ್ಪ ಹೊಟ್ಟೆ ಉರಿಯಿತು, ಏಕೆಂದರೆ ಜನರಲ್ಲನ ಮೀಸೆಯ ಬಗ್ಗೆ ಒಂದು ಒಳ್ಳೆಯ ಸಾಲಿತ್ತು.

೩ (ಮತ್ತೆ)

ಜನವರಿಯಲ್ಲಿ ದೋನ್ ನಬೋರ್ ಚೀಸ್ ಕೊಡಲು ಊರಿಗಿಳಿದಿದ್ದರು. ಎಪ್ಪತ್ತೊಂದು ವರ್ಷ. ಎಡಗೈ ಹೆಬ್ಬೆರಳಿನ ಉಗುರು ಕಪ್ಪು, ಹಸು ತುಳಿದದ್ದು. ಅವರು ಪಿಕಪ್ ಓಡಿಸುವ ವೇಗಕ್ಕೆ ಕೋಳಿಗಳು ಕೂಡ ರಸ್ತೆ ಬಿಡುತ್ತಿರಲಿಲ್ಲ. ಮಗಳ ಎದುರಿಗೆ ಕೂತು, ಕಾಫಿಗೆ ರೊಟ್ಟಿ ಅದ್ದಿ ತಿನ್ನುತ್ತ, ಈ ಸಲ ಎಷ್ಟು ಹಾಕಿದ್ದೀಯ ಎಂದು ಕೇಳಿದರು. ನಾಲ್ಕು ಎಂದಳು.

"ನಾಲ್ಕು ಅಂದ್ರೆ ಬರ್ತಾರೋ, ಇಲ್ವೋ?"

"ಬರಲ್ಲ, ಅಪಾ."

"ಹಂಗಾದ್ರೆ ಸೊನ್ನೆ ಅನ್ನು."

"ಸೊನ್ನೆ ಅನ್ನಕ್ಕಾಗಲ್ಲ. ಯಾವುದಕ್ಕೂ ಸೊನ್ನೆ ಅನ್ನಬಾರದು ಅಂತ ನಮ್ಮ ಕೆಲಸದಲ್ಲಿ ಮೊದಲನೇ ಪಾಠ."

ಮುದುಕರು ರೊಟ್ಟಿಯನ್ನು ಕಾಫಿಯಲ್ಲೇ ಬಿಟ್ಟು ಸ್ವಲ್ಪ ಹೊತ್ತು ಯೋಚಿಸಿದರು. "ಹಂಗಾದ್ರೆ ಆ ನಾಲ್ಕು ಯಾರ ಪಾಲಿಗೆ, ಮಗಾ?"

ಆ ಪ್ರಶ್ನೆಗೆ ಉತ್ತರ ಕೊಡುವ ಬದಲು ಇದಾಲಿಯಾ ಒಂದು ಏರ್ಪಾಡು ಮಾಡಿದಳು. ಹೆದರಿದಾಗ ಓದಿದವರು ಮಾಡುವುದು ಅದನ್ನೇ.

ಮೇಲೆ ಫೋನಿನ ಸಿಗ್ನಲ್ ಇಲ್ಲ. ಮಾತಾಡುವ ರೇಡಿಯೋ ಇದೆ, ಒಂದು ಅವರ ಗೋಡೆಯ ಮೇಲೆ, ಒಂದು ಇವಳ ಅಡುಗೆಮನೆಯಲ್ಲಿ. ಅದರಲ್ಲಿ ಆಡಿದ್ದನ್ನು ಇಡೀ ಬೆಟ್ಟ ಕೇಳಿಸಿಕೊಳ್ಳುತ್ತದೆ, ಹುಡುಗರು ಎಲ್ಲರಿಗಿಂತ ಮೊದಲು ಕೇಳಿಸಿಕೊಳ್ಳುತ್ತಾರೆ. ಆದ್ದರಿಂದ ಒಂದು ಗುಟ್ಟಿನ ಮಾತು ಬೇಕು. ಅಂಕಿ ಏರಿ ಗಂಡಾಂತರ ಕಂಡರೆ ಅವಳು ಆ ಮಾತು ಅನ್ನುತ್ತಾಳೆ, ಅವರು ಬಾಗಿಲು ಕೂಡ ಹಾಕದೆ ಇಳಿದು ಬರಬೇಕು. ಯಾವ ಮಾತು?

"ಹಸು ಈಯಿತು" ಎಂದು ಇಟ್ಟುಕೊಳ್ಳೋಣ ಎಂದರು ನಬೋರ್. ಊರಲ್ಲಿ ಕೂತವಳು ಬೆಟ್ಟದವರಿಗೆ ಹಸು ಈದ ಸುದ್ದಿ ಹೇಳಿದರೆ ಯಾರಾದರೂ ನಗುತ್ತಾರೆ ಎಂದು ಮಗಳು ತಳ್ಳಿಹಾಕಿದಳು. ಹಾಗಾದರೆ ನಿಮ್ಮಮ್ಮನ ಹೆಸರು ಎಂದರು. ತೀರಿಕೊಂಡ ದೆಲ್ಫಿನಾಳ ಹೆಸರನ್ನು ಇಂಥದ್ದಕ್ಕೆ ಎಳೆಯಬಾರದು ಎಂದು ಅದನ್ನೂ ಬೇಡವೆಂದಳು. ಯಾರ ಕಿವಿಗೂ ಚುಚ್ಚದ, ಇದ್ದೂ ಇಲ್ಲದಂಥ ಮಾತಾಗಬೇಕು. ಹಾಗೆ ಹುಡುಕಿ ಹುಡುಕಿ ಅವಳು ಆರಿಸಿದ್ದು "ಅವೊರಿತಾ".

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಮೊದಲ ಕರಡಿನಲ್ಲಿ ಆ ಮಾತನ್ನು "ಈಗಲೇ" ಎಂದು ಕನ್ನಡಕ್ಕೆ ತಂದಿದ್ದೆ. ತಪ್ಪು. ಅವರ ಭಾಷೆಯ "ಈಗ"ಕ್ಕೆ ಮುದ್ದಿನ ಬಾಲ ಹಚ್ಚಿದರೆ ಅವೊರಿತಾ ಆಗುತ್ತದೆ, ನಿಜ. ಆದರೆ ಬಾಲ ಹಚ್ಚಿದ ಮೇಲೆ "ಈಗ" ಅಲ್ಲಿ ಉಳಿಯುವುದಿಲ್ಲ. ಇನ್ನೈದು ನಿಮಿಷ, ಊಟವಾದ ಮೇಲೆ, ಮುಂದಿನ ವಾರ, ದೇವರು ಬುದ್ಧಿ ಕೊಟ್ಟಾಗ, ಎಲ್ಲವೂ ಅವೊರಿತಾ. ನಲ್ಲಿ ರಿಪೇರಿಯವನು ಅವೊರಿತಾ ಬರುತ್ತಾನೆ. ನಮ್ಮಲ್ಲಿ ಇನ್ನೂ ಸ್ನಾನಕ್ಕೇ ಇಳಿಯದವನು ಫೋನಿನಲ್ಲಿ "ಬಂದೆ, ಬಂದೆ" ಎನ್ನುವುದಿಲ್ಲವೇ, ಹಾಗೆ. ನಾವು ಆಗದ್ದನ್ನು ಆಗಿಹೋಯಿತು ಎಂದು ಹೇಳುತ್ತೇವೆ, ಅವರು ಆಗದ್ದನ್ನು ಆಗುತ್ತಲೇ ಇದೆ ಎನ್ನುತ್ತಾರೆ.

"ಅದನ್ನ ನೀನು ದಿನಕ್ಕೆ ನೂರು ಸಲ ಅಂತೀಯಲ್ಲೇ" ಎಂದು ನಬೋರ್ ನಕ್ಕರು.

"ರೇಡಿಯೋದಲ್ಲಿ ಅನ್ನಲ್ಲ" ಎಂದಳು ಮಗಳು.

ಒಂಬತ್ತು ವಾರ ಅನ್ನಲಿಲ್ಲ. ಅವಳ ಪರವಾಗಿ ಇದನ್ನು ಬರೆದುಕೊಳ್ಳಿ. ಒಂಬತ್ತು ವಾರ, ದಿನಕ್ಕೆರಡು ಸಲ ಅಪ್ಪನ ಜೊತೆ ಮಾತಾಡಿದಳು, ಪ್ರತಿ ಸಲವೂ ನಾಲಿಗೆಯ ತುದಿಗೆ ಬಂದದ್ದನ್ನು ಹಲ್ಲಿನ ಹಿಂದೆ ತಡೆದಳು.

೪

ಈ ಭಾಗವನ್ನು ಬರೆಯದೆ ಇರಲು ನಾನು ಎರಡು ವಾರ ಏನೇನೋ ಮಾಡಿದೆ. ಇದಾಲಿಯಾ ದಿನಾ ಬಂದು ಎದುರಿಗೆ ಕೂತಳು. ಬೈಯಲಿಲ್ಲ. ಅದು ಇನ್ನೂ ಕಷ್ಟ.

ಮಾರ್ಚ್ ಹದಿನೆಂಟು, ಬೆಳಿಗ್ಗೆ ಹತ್ತು ಗಂಟೆ. ಹಿಂದಿನ ದಿನ ಆಚೆಕಡೆ ಯಾರೋ ದೊಡ್ಡವರು ಏನೋ ದೊಡ್ಡದು ಮಾತಾಡಿದ್ದರು. ಮುನ್ನೂರು ಜನರ ಸರಾಸರಿ ಅಂಕಿ ಒಂದೇ ಏಟಿಗೆ ಮೂವತ್ತೊಂದಕ್ಕೆ ಹಾರಿತ್ತು. ಇದಾಲಿಯಾಳದ್ದು ಮಾತ್ರ ನಾಲ್ಕು. ಅವಳ ಮೇಲಿನವಳು ಲೋರ್ನಾ ಎಂಬಾಕೆ ವಿಡಿಯೋದಲ್ಲಿ ಬಂದು, ತುಂಬ ವಿನಯದಿಂದ, ನೀನು ಇಷ್ಟು ತಣ್ಣಗೆ ಇರಲು ಕಾರಣವೇನು ಎಂದು ಕೇಳುತ್ತಿದ್ದಳು. ಇದಾಲಿಯಾ ಶಾಮಿಯಾನದ ಬಗ್ಗೆ ಹೇಳುತ್ತಿದ್ದಳು. ಶಾಮಿಯಾನ ಇನ್ನೂ ಬಿಚ್ಚಿಲ್ಲ, ಬ್ಯಾಂಡು ಇನ್ನೂ ಅಭ್ಯಾಸ ಮಾಡುತ್ತಿದೆ. ಅವಳಿಗೆ ತನ್ನ ಮಾತು ತನಗೇ ಇಷ್ಟವಾಗುತ್ತಿತ್ತು. (ಇದನ್ನು ತೆಗೆಯಲಾ ಎಂದು ಕೇಳಿದೆ. ಇರಲಿ ಬಿಡು, ನಿಜ ತಾನೇ ಎಂದಳು.)

ಆಗ ರೇಡಿಯೋ ಕರಕರ ಎಂದಿತು. ಕರುವಿಗೆ ಭೇದಿ ನಿಂತಿಲ್ಲ, ಹೇಳಿದ್ದ ಔಷಧಿ ಯಾವಾಗ ಕಳಿಸುತ್ತೀಯ ಎಂದು ಅಪ್ಪ ಕೇಳಿದರು.

ಇದಾಲಿಯಾ ಮೈಕಿನ ಮೇಲೆ ಅಂಗೈ ಇಟ್ಟಳು. ಪರದೆಯ ಮೇಲಿದ್ದ ಲೋರ್ನಾಳ ಮುಖದಿಂದ ಕಣ್ಣು ತೆಗೆಯದೆ, ಇನ್ನೊಂದು ಕೈಯಲ್ಲಿ ರೇಡಿಯೋದ ಗುಂಡಿ ಒತ್ತಿ ಹೇಳಿದಳು:

"ಅವೊರಿತಾ, ಅಪಾ. ಅವೊರಿತಾ."

ಎರಡು ಸಲ.

ರೇಡಿಯೋ ಸುಮ್ಮನಾಯಿತು. ಅವಳು ಶಾಮಿಯಾನಕ್ಕೆ ವಾಪಸು ಹೋದಳು.

[ಇಲ್ಲಿ ಒಂದು ದಿನ ನಾನು ಕದ್ದು ತಿದ್ದಿದೆ. "ನಾಳೆ ಕಳಿಸ್ತೀನಿ, ಅಪಾ" ಎಂದು ಬರೆದೆ. ಎಷ್ಟು ಸುಲಭ ನೋಡಿ, ಮೂರು ಪದ. ಕರು ಹುಷಾರಾಯಿತು, ನಬೋರ್ ಮಧ್ಯಾಹ್ನ ಚೀಸ್ ಹಿಂಡಿದರು, ಕಥೆ ಹುಟ್ಟಲೇ ಇಲ್ಲ. ಇದಾಲಿಯಾ ಆ ಸಾಲಿನ ಮೇಲೆ ಬೆರಳಿಟ್ಟಳು. ಆಮೇಲೆ, "ನೀನು ತಿದ್ದಿದ್ರೆ ನಾನು ಆಡಿದ್ದು ಹೋಗುತ್ತಾ?" ಎಂದು ಕೇಳಿದಳು. ವಾಪಸು ಬರೆದೆ. ನಾನೇ ಅವಳ ಬಾಯಿಂದ ಎರಡನೇ ಸಲ ಆ ಮಾತು ಆಡಿಸಿದೆ. ಅವಳಿಗೆ ಅವಳ ತಪ್ಪೊಂದೇ, ನನಗೆ ಅವಳದ್ದೂ ನನ್ನದೂ.]

೫

ಹನ್ನೊಂದೂವರೆಗೆ ಒಲೆಯ ಮೇಲೆ ರೊಟ್ಟಿ ತಿರುವಿ ಹಾಕುವಾಗ ಅವಳ ಕೈ ಗಾಳಿಯಲ್ಲಿ ನಿಂತಿತು. ಆಡಿದ ಮಾತು ಒಂದೂವರೆ ಗಂಟೆಯ ಮೇಲೆ ಅವಳ ಕಿವಿಗೆ ಬಿತ್ತು.

ಕೂಗಿದಳು. ಮೇಲಿನ ರೇಡಿಯೋ ಉತ್ತರ ಕೊಡಲಿಲ್ಲ. ಕೊಟ್ಟವನು ಅಪ್ಪನ ಪಕ್ಕದ ದನದ ರಾಂಚಿನ ಎವೋದಿಯೋ. ನಿಮ್ಮಪ್ಪನ ಪಿಕಪ್ ಹತ್ತೂಕಾಲಿಗೆ ನಮ್ಮನೆ ಮುಂದೆ ಹಾದುಹೋಯಿತು, ಏನು ಅವಸರವೋ, ನನ್ನ ನಾಯಿ ಬೇಲಿ ಹಾರಿ ತಪ್ಪಿಸಿಕೊಂಡಿತು ಎಂದ. ಹೋಗಿ ನೋಡಿದರೆ ಬಾಗಿಲು ತೆರೆದೇ ಇದೆಯಂತೆ, ಒಲೆಯ ಮೇಲೆ ಹಾಲು ಸೀದು ತಳ ಹತ್ತಿದೆಯಂತೆ. ಏನಾಯಿತು, ಯಾರಾದರೂ ಸತ್ತರಾ ಎಂದು ಕೇಳಿದ. ಏನೂ ಇಲ್ಲ ಎಂದಳು. ಇಡೀ ಬೆಟ್ಟ ಕೇಳಿಸಿಕೊಳ್ಳುತ್ತಿತ್ತು.

ಮೂರು ಗಂಟೆಯ ದಾರಿ. ಅವತ್ತಿನ ವೇಗಕ್ಕೆ ಎರಡು. ಒಂದು ಗಂಟೆಯ ಹೊತ್ತಿಗೆ ಅವಳು ಬೀದಿಯ ತುದಿಯಲ್ಲಿ ನಿಂತಿದ್ದಳು. ಮೂರು ಗಂಟೆಗೂ ನಿಂತಿದ್ದಳು. ಕಿರಾಣಿ ಅಂಗಡಿಯ ದೋನ್ಯಾ ತೋಮಾಸಾ ಒಂದು ಸ್ಟೂಲು ತಂದಿಟ್ಟು, ಏನೂ ಕೇಳದೆ ಪಕ್ಕದಲ್ಲಿ ಕೂತಳು.

ಬಂದದ್ದು ಅಪ್ಪನಲ್ಲ, ಬೆಟ್ಟ. ಒಂದರ ಹಿಂದೊಂದು ಗಾಡಿಗಳು, ಮೇಲೆ ಟಾರ್ಪಾಲು ಮುಚ್ಚಿದವು, ಮುಚ್ಚಲು ಹೊತ್ತಿಲ್ಲದವು, ಡ್ರಮ್ಮುಗಳು, ಹಾಸಿಗೆಗಳು, ಒಂದರಲ್ಲಿ ಮಡಚಿದ ಶಾಮಿಯಾನ. ಇಪ್ಪತ್ತರ ವೇಗ ಮೀರದ ಮುದುಕ ನಲವತ್ತರಲ್ಲಿ ಇಳಿದದ್ದನ್ನು, ಬೆಟ್ಟದ ದಾರಿಗೆ ಅಡ್ಡ ಹಾಕಿದ್ದ ಗೇಟಿನ ಹುಡುಗರು ನೋಡಿದ್ದರು. ಆ ಮುದುಕನ ಮಗಳು ಆಚೆಕಡೆಯವರಿಗೆ ಕೆಲಸ ಮಾಡುತ್ತಾಳೆ ಎಂಬುದು ಅವರಿಗೆ ಗೊತ್ತಿತ್ತು. ಎರಡೂ ಸೇರಿಸಿ ಕೂಡಿದರು. ಅವರದ್ದೂ ಒಂದು ಅಂದಾಜು.

ನಬೋರ್ ಓಡಿದ್ದನ್ನು ನೋಡಿ ಬೆಟ್ಟ ಓಡಿತು. ಬೆಟ್ಟ ಓಡಿದ್ದನ್ನು ಮೇಲಿಂದ ಯಾವುದೋ ಕಣ್ಣು ನೋಡಿತು, ಅದನ್ನು ನೋಡಿ ಅಂಕಿ ಓಡಿತು. ಸಂಜೆಗೆ ಮೂವತ್ತೊಂದು ಹೋಗಿ ನಲವತ್ತನಾಲ್ಕು. ಲೋರ್ನಾ ಬರೆದಳು: ಗುಂಪುಗಳು ದಿಢೀರನೆ ಜಾಗ ಖಾಲಿ ಮಾಡುತ್ತಿವೆ, ನೀನು ಅಲ್ಲೇ ಇದ್ದೀಯ, ಕಾರಣ ಗೊತ್ತಾ?

ಲೋಕದ ಮುನ್ನೂರು ಜನರಲ್ಲಿ ಕಾರಣ ಗೊತ್ತಿದ್ದವಳು ಒಬ್ಬಳೇ. ಇದಾಲಿಯಾ ಮೂರು ಸಾಲಿನ ಜಾಗದಲ್ಲಿ ಬರೆದಳು: ನನ್ನ ಅಪ್ಪನಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ಅಳಿಸಿದಳು. ಅಂಕಿಯ ಜಾಗದಲ್ಲಿ ನಾಲ್ಕನ್ನು ಹಾಗೆಯೇ ಬಿಟ್ಟಳು.

೬

ಮಾರನೆಯ ದಿನ ತೋಮಾಸಾಳ ಗಾಡಿಯಲ್ಲಿ ಇಬ್ಬರೂ ಮೇಲೆ ಹೋದರು. ಹೊಳೆ ದಾಟುವ ಜಾಗದಲ್ಲಿ, ಬಳ್ಳಾರಿ ಜಾಲಿಯಂಥ ಒಂದು ಮರದ ನೆರಳಿಗೆ (ಅಲ್ಲಿಯವರು ಮೆಸ್ಕೀತೆ ಎನ್ನುತ್ತಾರೆ, ಮುಳ್ಳು ಎರಡಕ್ಕೂ ಒಂದೇ), ನಬೋರರ ಪಿಕಪ್ ನಿಂತಿತ್ತು. ಅಡ್ಡಾದಿಡ್ಡಿಯಾಗಿ ಅಲ್ಲ, ನೆಟ್ಟಗೆ, ಚಕ್ರಕ್ಕೆ ಕಲ್ಲು ಕೊಟ್ಟು. ಬಾಗಿಲಿಗೆ ಬೀಗ. ಈ ಮೂವತ್ತೆಂಟು ವರ್ಷದಲ್ಲಿ ಆ ಮನುಷ್ಯ ಯಾವುದಕ್ಕೂ ಬೀಗ ಹಾಕಿದ್ದನ್ನು ಅವಳು ನೋಡಿರಲಿಲ್ಲ. ಒಡೆದ ಗಾಜಿಲ್ಲ, ರಕ್ತವಿಲ್ಲ. ಹೆಜ್ಜೆಗಳನ್ನು ಹುಡುಗರ ಗಾಡಿಗಳ ಚಕ್ರಗಳು ಅಳಿಸಿದ್ದವು.

ಗೇಟಿನಲ್ಲಿ ಉಳಿದಿದ್ದವನು ಒಬ್ಬನೇ, ನಡುವಯಸ್ಸಿನ ಒಬ್ಬ "ಹುಡುಗ". ಇದಾಲಿಯಾಳ ತರಗತಿಯಲ್ಲಿ ಅವನ ತಮ್ಮ ಓದಿದ್ದ, ಆದ್ದರಿಂದ ಎದ್ದು ನಿಂತು ಮೇಡಂ ಎಂದ. ನಿಮ್ಮಪ್ಪನನ್ನು ನಾವು ತಡೆಯಲಿಲ್ಲ, ಕೈ ಬೀಸಿ ಹೋದರು, ಅಷ್ಟೇ ಎಂದ. ಆಮೇಲೆ ಯಾರಾದರೂ ಹಿಂದೆ ಹೋದರಾ ಎಂದು ಕೇಳಿದ್ದಕ್ಕೆ ಬಿಸಿಲ ಕಡೆ ನೋಡಿದ. ಅವರಿಗೆ ಹೇಗೆ ಗೊತ್ತಾಯಿತು ಎಂಬುದಷ್ಟೇ ನಮ್ಮವರ ಪ್ರಶ್ನೆ ಮೇಡಂ ಎಂದ. ಆಚೆಕಡೆಯವರು ಬರುವ ದಿನ ನಿಮ್ಮಪ್ಪನಿಗೆ ಹೇಳಿದವರು ಯಾರು?

"ಯಾರೂ ಹೇಳಿಲ್ಲಪ್ಪ. ತಪ್ಪು ಕೇಳಿಸ್ಕೊಂಡ್ರು" ಎಂದಳು ಇದಾಲಿಯಾ.

"ಏನಂತ ಕೇಳಿಸ್ಕೊಂಡ್ರು?"

ಏರ್ಪಾಡಿನ ಸುದ್ದಿ ಎತ್ತಿದರೆ ಅದೇ ಅಪರಾಧ. ಎತ್ತದಿದ್ದರೆ ಉಳಿಯುವುದು ಬರಿಯ ನಿಜ. ಅದನ್ನೇ ಹೇಳಿದಳು. "ಕರುವಿನ ಔಷಧಿ ಕೇಳಿದ್ರು. ನಾನು ಅವೊರಿತಾ ಅಂದೆ."

ಅವನು ಮೊದಲು ನಗಲಿಲ್ಲ. ತೋಮಾಸಾಳ ಮುಖ ನೋಡಿದ, ಮತ್ತೆ ಇವಳ ಮುಖ ನೋಡಿದ. ಆಮೇಲೆ ನಕ್ಕ, ಕೆಟ್ಟದಾಗಿ ಅಲ್ಲ, ಪಾಪ ಎನ್ನುವ ಹಾಗೆ.

"ಮೇಡಂ, ಈ ದೇಶದಲ್ಲಿ ಆ ಮಾತು ಕೇಳಿ ಕುರ್ಚಿಯಿಂದ ಎದ್ದವರು ಇದುವರೆಗೂ ಯಾರೂ ಇಲ್ಲ."

ತೋಮಾಸಾ ಕೂಡ ತಲೆ ತಗ್ಗಿಸಿದಳು. ವಾಪಸು ಬರುವಾಗ ಗಾಡಿಯಲ್ಲಿ, ನನ್ನ ಹತ್ತಿರವಾದರೂ ನಿಜ ಹೇಳು ಎಂದು ಕೇಳಿದಳು.

(ಸುಳ್ಳಾದರೆ ಸಾವಿರ ಕಟ್ಟಬಹುದಿತ್ತು. ನಾನೇ ಅವಳಿಗೆ ಎರಡು ಮೂರು ಕಟ್ಟಿಕೊಡುತ್ತಿದ್ದೆ, ನನ್ನ ಕಸುಬೇ ಅದು. ಕಥೆ ಕಟ್ಟುವವಳು ಹಿಂದೆ ನಿಂತಿದ್ದರೂ ಅವಳು ನಿಜ ಹೇಳಿದಳು, ಇಡೀ ಕಥೆಯಲ್ಲಿ ಯಾರೂ ನಂಬದ ಹಾಗೆ ಇದ್ದದ್ದು ಆ ನಿಜವೊಂದೇ.)

೮

(ಏಳು ಇಲ್ಲ. ಏಳರಲ್ಲಿ ಅವಳು ಪೊಲೀಸರ ಹತ್ತಿರ, ಪಾದ್ರಿಯ ಹತ್ತಿರ, ಕಾಣೆಯಾದ ತಮ್ಮವರನ್ನು ಹುಡುಕುವ ಹೆಂಗಸರ ಗುಂಪಿನ ಹತ್ತಿರ ಹೋಗುತ್ತಾಳೆ. ಆ ಹೆಂಗಸರು ಕಬ್ಬಿಣದ ಸರಳಿನಿಂದ ನೆಲ ಚುಚ್ಚಿ, ಸರಳಿನ ತುದಿಯ ವಾಸನೆ ನೋಡುತ್ತಾರೆ. ಒಂದು ಭಾನುವಾರ ಅವಳೂ ಅವರ ಜೊತೆ ಹೋದಳು. ಬರೆದಿದ್ದೆ. ಅವಳು ಓದಲಿಲ್ಲ, ನಾನು ಇಡಲಿಲ್ಲ.)

ಮಾರ್ಚ್ ಮೂವತ್ತೊಂದು ಬಂತು, ಹೋಯಿತು. ಆಕಾಶದಿಂದ ಏನೂ ಬೀಳಲಿಲ್ಲ. ಏಪ್ರಿಲ್ ಒಂದರಂದು ಪ್ರಶ್ನೆಯ ಪಕ್ಕದಲ್ಲಿ ಉತ್ತರ ಬಂತು: ಇಲ್ಲ. ಕೆಳಗೆ ಸಣ್ಣಕ್ಷರದಲ್ಲಿ ಏನೇನು ದಾಳಿ, ಏನೇನು ದಾಳಿಯಲ್ಲ ಎಂಬ ನಿಯಮಗಳಿದ್ದವು. ಬರಿದೇ ಹಾರಿ ನೋಡಿ ಹೋದದ್ದು ಲೆಕ್ಕಕ್ಕಿಲ್ಲ. ಮಾತಿನ ಬೆದರಿಕೆ ಲೆಕ್ಕಕ್ಕಿಲ್ಲ. ಬೆದರಿಕೆಗೆ ಹೆದರಿ ಆದದ್ದು ಲೆಕ್ಕಕ್ಕಿಲ್ಲ.

ಲೋರ್ನಾಳ ಪತ್ರವೂ ಬಂತು. ಮುನ್ನೂರು ಜನರಲ್ಲಿ ಇದಾಲಿಯಾಳ ಅಂದಾಜೇ ಅತ್ಯಂತ ನಿಖರ. ಎಲ್ಲರೂ ಬೆದರಿದಾಗಲೂ ನೀನು ಕದಲಲಿಲ್ಲ, ನಿನ್ನ ಸಮಾಧಾನದಿಂದ ನಾವೆಲ್ಲ ಕಲಿಯಬೇಕು ಎಂದು ಬರೆದಿದ್ದಳು. ಒಳ್ಳೆಯ ಹೆಂಗಸು, ಮನಸ್ಸಿಟ್ಟು ಬರೆದದ್ದು. ಅದರ ಕೆಳಗೇ ಹೊಸ ಪ್ರಶ್ನೆ. ಹಳೆಯದೇ, ತಾರೀಖು ಮಾತ್ರ ಜೂನ್ ಮೂವತ್ತು.

ಇದಾಲಿಯಾ ಆ ಜಾಗವನ್ನು ಖಾಲಿ ಬಿಟ್ಟಳು. ಅಪ್ಪ ಬರುತ್ತಾರೆಯೇ ಎಂಬ ಪ್ರಶ್ನೆಯನ್ನು ಮುನ್ನೂರು ಜನರ ಮುಂದೆ ಇಟ್ಟರೆ ಅವರು ಎಷ್ಟು ಹಾಕುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಅವಳೂ ಅಷ್ಟೇ ಹಾಕುತ್ತಿದ್ದಳು. ಇಂಥ ಗಾಡಿ, ಇಂಥ ಹೊಳೆ, ಇಂಥ ಬೆಟ್ಟ, ಇಷ್ಟು ದಿನ. ಕಾರಣಕ್ಕೆ ಮೂರು ಸಾಲು ಹೆಚ್ಚೇ ಆಗುತ್ತಿತ್ತು. ತನ್ನ ಜಾಣತನದ ಮೇಲೆ ಅವಳಿಗೆ ಹೇಸಿಗೆ ಹುಟ್ಟಿದ್ದು ಅವತ್ತು.

ಮುಕ್ತಾಯಗಳು

ಒಂದನೆಯದು. ನಬೋರ್ ಹೊಳೆಯ ಹತ್ತಿರ ಹಿಂದೆ ಗಾಡಿಗಳ ಸದ್ದು ಕೇಳಿ, ಜಾಣತನದಿಂದ ಪಿಕಪ್ ನಿಲ್ಲಿಸಿ, ಬೀಗ ಹಾಕಿ, ಹೊಳೆಯ ಪಾತ್ರದಲ್ಲೇ ನಡೆದು ಗುಡ್ಡದಾಚೆಯ ಆಡು ಕಾಯುವವರ ಹಟ್ಟಿ ಸೇರುತ್ತಾರೆ. ಅಲ್ಲಿ ರೇಡಿಯೋ ಇಲ್ಲ. ಮೇ ತಿಂಗಳಲ್ಲಿ ಆಡಿನ ಚೀಸ್ ಹೊತ್ತು ಬಂದು, ಮಗಳ ಬಾಗಿಲು ತಟ್ಟಿ, ನಿನ್ನ ನಾಲ್ಕು ಎಲ್ಲಿಗೆ ಬಂತೇ ಎಂದು ಕೇಳುತ್ತಾರೆ.

ಇದಾಲಿಯಾ ಇದನ್ನು ಮೂರು ಸಲ ಓದಿಸಿಕೊಂಡಳು. ಮೂರನೆಯ ಸಲ, "ನಮ್ಮಪ್ಪ ಆಡಿನ ಚೀಸ್ ಮುಟ್ಟಲ್ಲ" ಎಂದಳು. ಹಸುವಿನದು ಮಾಡುತ್ತೇನೆ ಎಂದೆ. ಬೇಡ ಎಂದಳು. ನಿನಗೆ ನಂಬಿಕೆಯಿಲ್ಲದ್ದನ್ನು ನನಗೆ ತಿನ್ನಿಸಬೇಡ ಎಂದಳು.

ಎರಡನೆಯದು. ಒಂದು ಬೆಳಿಗ್ಗೆ ಹುಡುಕುವ ಹೆಂಗಸರಲ್ಲೊಬ್ಬಳು ಫೋನ್ ಮಾಡಿ, ಎಡಗೈ ಹೆಬ್ಬೆರಳು ಎಂದು ಶುರು ಮಾಡುತ್ತಾಳೆ.

ಇದನ್ನು ಅವಳು ಆ ಪದದ ಮುಂದಕ್ಕೆ ಹೋಗಲು ಬಿಡಲಿಲ್ಲ.

ಮೂರನೆಯದು ಯಾವುದು ಎಂದು ಕೇಳಿದಳು. ಇಲ್ಲ ಎಂದೆ. ಕಥೆ ಹೇಳುವವಳು ಅಂತೀಯ, ಇಷ್ಟೇನಾ ಎಂದಳು. ಇಷ್ಟೇ ಕಣೇ ಎಂದೆ. ನಾನು ಕಾಫಿ ಕಾಯಿಸಿದೆ, ಸರಿಯಾಗಲಿಲ್ಲ.

ಮತ್ತೆ

ಕಾಣೆಯಾದವರ ಕಚೇರಿಯಲ್ಲಿ ಗುಮಾಸ್ತೆ ಅರ್ಜಿ ತುಂಬುತ್ತ "ವಯಸ್ಸು ಎಪ್ಪತ್ತೊಂದು ಇತ್ತು" ಎಂದು ಟೈಪು ಮಾಡಿದಳಂತೆ. ಇದಾಲಿಯಾ "ಇದೆ" ಎಂದಳಂತೆ. ಅಭ್ಯಾಸಬಲ, ಕ್ಷಮಿಸಿ ಎಂದು ಆಕೆ ತಿದ್ದಿದಳು. ಎತ್ತರ, ಮೈಬಣ್ಣ, ಹೆಬ್ಬೆರಳು, ಪ್ರತಿಯೊಂದಕ್ಕೂ ಇತ್ತು ಎಂದು ಬರೆದು, ಇದೆ ಎಂದು ತಿದ್ದಿದಳು. ಅರ್ಧ ಗಂಟೆ ಹಿಡಿಯಿತು.

ಇದನ್ನು ಹೇಳಿ ಮುಗಿಸಿ ಅವಳು ನನ್ನ ಹಾಳೆಗಳನ್ನು ಹಿಂದಕ್ಕೆ ತಿರುಗಿಸಿದಳು. ಒಂದೊಂದಾಗಿ ಬೆರಳಿಟ್ಟು ತೋರಿಸಿದಳು. ಕೇಳಿದರು. ನಕ್ಕರು. ಒಬ್ಬರೇ ಇದ್ದರು.

"ನೀನೂ ಅವಳ ಹಂಗೇ ಬರೆದಿದ್ದೀಯಲ್ಲ" ಎಂದಳು.

ಕಥೆ ಹೇಳುವುದೇ ಹಾಗೆ, ಎಲ್ಲರೂ ಹಾಗೇ ಹೇಳುತ್ತಾರೆ, ರಾಜನಿದ್ದ, ರಾಣಿಯಿದ್ದಳು ಎಂದು ನನ್ನ ಅಜ್ಜಿ ಕೂಡ ಹೇಳುತ್ತಿದ್ದಳು ಎಂದೆ. ಆ ರಾಜ ಎಲ್ಲಿದ್ದಾನೆ ಈಗ ಎಂದು ಕೇಳಿದಳು. ನಾನು ಅವಳ ಅಪ್ಪನ ಬಗ್ಗೆ ಬರೆದ ಪ್ರತಿ ವಾಕ್ಯದ ಕೊನೆಗೆ ಒಂದೊಂದು ಹಿಡಿ ಮಣ್ಣು ಹಾಕಿದ್ದೆ, ಗೊತ್ತಾಗದೆ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಓದುಗರೇ. ಅದು ಬರುವ ತನಕ ಮನುಷ್ಯ ಏನಾದ ಎಂಬುದು ಗೊತ್ತಾಗುವುದಿಲ್ಲ. ಅಜ್ಜಿಗೆ ಇದು ಗೊತ್ತಿತ್ತು. ನಾವು ನಿದ್ದೆ ಹೋಗದ ದಿನ ಅವಳು ವಾಕ್ಯವನ್ನು ಮುಗಿಸುತ್ತಲೇ ಇರಲಿಲ್ಲ. ಎದ್ದು, ಹೊರಟು, ಹೋಗಿ, ನೋಡಿ, ಕೂತು, ಮತ್ತೆ ಎದ್ದು ಎಂದು ಎಳೆಯುತ್ತಲೇ ಇರುತ್ತಿದ್ದಳು, ಮತ್ತು ಅಲ್ಲಿಯವರೆಗೂ ಆ ಕಥೆಯಲ್ಲಿ ಯಾರಿಗೂ ಏನೂ ಆಗುತ್ತಿರಲಿಲ್ಲ. ನನ್ನಿಂದ ಆಗುವುದು ಅಷ್ಟೇ. ಅವಳಿಗೆ ಹೇಳಿದೆ. ಸರಿ, ಬರಿ, ನಾನು ಇಲ್ಲೇ ಕೂತಿರುತ್ತೇನೆ, ಎಲ್ಲೂ ನಿಲ್ಲಿಸಬೇಡ ಎಂದಳು.

ದೋನ್ ನಬೋರ್, ಎಪ್ಪತ್ತೊಂದು ವರ್ಷದವರು, ಮಗಳ ಮಾತನ್ನು ಮಾತೆಂದೇ ನಂಬಿ, ಒಲೆಯ ಮೇಲಿನ ಹಾಲನ್ನು ಒಲೆಗೇ ಬಿಟ್ಟು, ಬಾಗಿಲು ಹಾಕದೆ ಹೊರಟು, ಎವೋದಿಯೋನ ನಾಯಿಯನ್ನು ತಪ್ಪಿಸಿ, ಗೇಟಿನಲ್ಲಿ ಕೈ ಬೀಸಿ, ಹೊಳೆಯವರೆಗೂ ಬಂದು, ನೆರಳು ನೋಡಿ ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಬೀಗ ಹಾಕಿ, ಕೀಲಿಯನ್ನು ಅಂಗಿಯ ಜೇಬಿಗೆ ಇಳಿಸಿ, ಅದು ಅಲ್ಲಿದೆಯೇ ಎಂದು ಮೇಲಿಂದ ಒಮ್ಮೆ ತಟ್ಟಿ ನೋಡಿ, ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಕಾಲಿಗೆ ತಣ್ಣಗೆ ತಗುಲಿದ ನೀರಿಗೆ ಒಂದು ಕ್ಷಣ ಬೆಚ್ಚಿ, ನಕ್ಕು, ನಡು ಹೊಳೆಯ ದೊಡ್ಡ ಕಲ್ಲನ್ನು ಹಿಡಿದು, ಉಸಿರು ತೆಗೆದುಕೊಂಡು, ಇನ್ನೊಂದು ಹೆಜ್ಜೆ ಇಟ್ಟು,